ಗೋಡೆಗೆ ಬೋಲ್ಟು ಕೂರಿಸುವ ಅಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಸಂಚಿಕೆಯಲ್ಲಿ ಬಿರುಕು ಬಿಟ್ಟ ಗೋಡೆಗಳ ದುರಸ್ತಿಯ ಕುರಿತು ಬರೆಯುವಾಗ, ಸಡಿಲವಾದ ಬೋಲ್ಟುಗಳನ್ನು ಎಪಾಕ್ಸಿ ಅಂಟಿನಿಂದ (ರಾಳ, ಗಟ್ಟಿಕಾರಕ ಎಂಬ ಎರಡು ಭಾಗಗಳನ್ನು ಕಲಸಿದಾಗ ಗಟ್ಟಿಯಾಗುವ ಅಂಟು) ಮತ್ತೆ ಭದ್ರಪಡಿಸಬಹುದು ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೆ. ಉಳಿದ ಲೇಖನದ ಗೊಡವೆಗೆ ಹೋಗದೆ ಆ ಒಂದು ಸಾಲನ್ನೇ ಹಿಡಿದು ಓದುಗರು ಬರೆದ ಪತ್ರಗಳು ಬಹಳ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮನೆಯ ಮುಂದಿನ ಕಬ್ಬಿಣದ ಗೇಟನ್ನು ಇಟ್ಟಿಗೆಯ ಕಂಬಕ್ಕೆ ಹಿಗ್ಗುವ ಬೋಲ್ಟುಗಳಿಂದ ಬಿಗಿಯಲಾಗಿತ್ತು. ಎರಡು ಸಲ ಬಿಗಿ ಮಾಡಿಸಿದರೂ ಮೇಲಿನ ಕೀಲು ಮತ್ತೆ ಅಲುಗಾಡುತ್ತಿದೆ. ಅಂಟು ಹಾಕಿ ಕೂರಿಸಿದರೆ ನಿಲ್ಲುತ್ತದೆಯೇ? ಇಷ್ಟು ಭಾರದ ಗೇಟನ್ನು ಅಂಟು ಹೊರುತ್ತದೆ ಎಂದರೆ ನಂಬಿಕೆ ಬರುತ್ತಿಲ್ಲ.

ಉತ್ತರ: ನಿಮ್ಮ ಅನುಮಾನ ಸಹಜವಾದದ್ದೇ, ಆದರೆ ಅದು ಅಂಟಿನ ಮೇಲೆ ಬರುವ ಬದಲು ಕಂಬದ ಮೇಲೆ ಬರಬೇಕಿತ್ತು. ಹಿಗ್ಗುವ ಬೋಲ್ಟು ಹಿಡಿಯುವುದು ಒತ್ತಡದಿಂದ. ನಟ್ಟನ್ನು ತಿರುಗಿಸಿದಂತೆಲ್ಲ ಬೋಲ್ಟಿನ ಬುಡದಲ್ಲಿರುವ ಶಂಕು ಮುಂದಕ್ಕೆ ಸರಿದು ಸುತ್ತಲಿನ ಕೊಳವೆಯನ್ನು ಅಗಲಿಸುತ್ತದೆ. ಅಗಲಿದ ಕೊಳವೆ ರಂಧ್ರದ ಒಳಮೈಯನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆಯೇ ಅದರ ಹಿಡಿತ. ಗಟ್ಟಿ ಕಾಂಕ್ರೀಟಿನಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಇಟ್ಟಿಗೆಯ ಕಥೆ ಬೇರೆ. ಒತ್ತಿದ ಜಾಗದಲ್ಲಿ ಅದು ಪುಡಿಯಾಗುತ್ತದೆ, ಪುಡಿಯಾದಷ್ಟೂ ಹಿಡಿತ ಕಡಿಮೆಯಾಗುತ್ತದೆ, ಹಿಡಿತ ಕಡಿಮೆಯಾಯಿತೆಂದು ನಾವು ನಟ್ಟನ್ನು ಇನ್ನಷ್ಟು ಬಿಗಿದರೆ ಇನ್ನಷ್ಟು ಪುಡಿಯಾಗುತ್ತದೆ. ಕಂಬದ ಅಂಚಿಗೆ ಹತ್ತಿರವಿದ್ದರಂತೂ ಇಟ್ಟಿಗೆ ಸೀಳಿಕೊಳ್ಳುವುದೂ ಉಂಟು. ನಿಮ್ಮಲ್ಲಿ ಎರಡು ಸಲ ಬಿಗಿ ಮಾಡಿಸಿದ್ದೇ ಮೂರನೆಯ ಸಲದ ಸಡಿಲಿಕೆಗೆ ಕಾರಣವಾಗಿರಬಹುದು.

ಎಪಾಕ್ಸಿಯ ದಾರಿ ಬೇರೆ. ದ್ರವದ ಹದದಲ್ಲಿದ್ದಾಗ ಅದು ಇಟ್ಟಿಗೆಯ ಸಣ್ಣ ಸಣ್ಣ ಕುಳಿಗಳಿಗೂ ಬೋಲ್ಟಿನ ಮರೆಗಳಿಗೂ, ಅಂದರೆ ಅದರ ಮೈಸುತ್ತಲಿನ ತಿರುಪಿನ ಗೆರೆಗಳಿಗೂ, ಇಳಿದು, ಅಲ್ಲೇ ಗಟ್ಟಿಯಾಗಿ, ಎರಡನ್ನೂ ಒಂದಕ್ಕೊಂದು ಕಚ್ಚಿಸುತ್ತದೆ. ಅದು ಗೋಡೆಯನ್ನು ಒತ್ತುವುದಿಲ್ಲ, ಸೀಳುವುದಿಲ್ಲ. ಸೆಳೆತವನ್ನು ಒಂದು ಬಿಂದುವಿನಲ್ಲಿ ಹೇರದೆ ರಂಧ್ರದ ಆಳದುದ್ದಕ್ಕೂ ಹಂಚುತ್ತದೆ. ಆದ್ದರಿಂದಲೇ ಮೆತ್ತನೆಯ ಇಟ್ಟಿಗೆಗೆ, ಹಳೆಯ ಗೋಡೆಗೆ, ಅಂಚಿಗೆ ಸಮೀಪದ ಜಾಗಕ್ಕೆ ಹಿಗ್ಗುವ ಬೋಲ್ಟಿಗಿಂತ ಅಂಟಿನ ಬೋಲ್ಟು ಒಳ್ಳೆಯದು.

ಈಗ ಭಾರದ ಲೆಕ್ಕ ಹಾಕೋಣ. ಗೇಟು 60 ಕೆ.ಜಿ. ತೂಗುತ್ತದೆ, 1.2 ಮೀಟರ್ ಅಗಲವಿದೆ, ಎರಡು ಕೀಲುಗಳ ನಡುವೆ 0.9 ಮೀಟರ್ ಅಂತರವಿದೆ ಎಂದು ಇಟ್ಟುಕೊಳ್ಳಿ. ಗೇಟಿನ ಭಾರಕೇಂದ್ರ ಕೀಲಿನಿಂದ 0.6 ಮೀಟರ್ ದೂರದಲ್ಲಿರುತ್ತದೆ. 60ನ್ನು 0.6ರಿಂದ ಗುಣಿಸಿ 0.9ರಿಂದ ಭಾಗಿಸಿದರೆ 40 ಬರುತ್ತದೆ. ಅಂದರೆ ಮೇಲಿನ ಕೀಲನ್ನು ಕಂಬದಿಂದ ಹೊರಕ್ಕೆ ಎಳೆಯುವ ಬಲ ಸುಮಾರು 40 ಕೆ.ಜಿ.ಯಷ್ಟು. 30 ಕೆ.ಜಿ. ತೂಕದ ಮಗುವೊಂದು ಗೇಟಿನ ತುದಿಗೆ ಜೋತುಬಿದ್ದರೆ ಇನ್ನೊಂದು 40 ಸೇರಿ 80 ಆಗುತ್ತದೆ. ಕೆಳಗಿನ ಕೀಲು ಕಂಬವನ್ನು ಒಳಕ್ಕೆ ಒತ್ತುತ್ತದೆಯೇ ಹೊರತು ಹೊರಕ್ಕೆ ಎಳೆಯುವುದಿಲ್ಲ. ಯಾವಾಗಲೂ ಮೇಲಿನ ಕೀಲೇ ಮೊದಲು ಸಡಿಲವಾಗುವುದಕ್ಕೆ ಇದೇ ಕಾರಣ.

ಅಂಟಿನ ಕಡೆಯಿಂದ ನೋಡಿ. 10 ಮಿ.ಮೀ. ದಪ್ಪದ ಬೋಲ್ಟು ಇಟ್ಟಿಗೆಯೊಳಗೆ 80 ಮಿ.ಮೀ. ಇಳಿದರೆ ಅದರ ಸುತ್ತಳತೆಯಲ್ಲಿ ಅಂಟು ಹಿಡಿಯುವ ಮೈ ಸುಮಾರು 2,500 ಚದರ ಮಿ.ಮೀ. ಆಗುತ್ತದೆ. ಪ್ರತಿ ಚದರ ಮಿ.ಮೀ.ಗೆ ಕೇವಲ 2 ನ್ಯೂಟನ್ ಹಿಡಿತವೆಂದು ಕಡಿಮೆಯಾಗಿಯೇ ಲೆಕ್ಕ ಹಿಡಿದರೂ 5,000 ನ್ಯೂಟನ್, ಅಂದರೆ 500 ಕೆ.ಜಿ.ಯ ಭಾರದಷ್ಟು ಸೆಳೆತಕ್ಕೆ ಅದು ಜಗ್ಗುವುದಿಲ್ಲ. ನಿಮ್ಮ ಗೇಟು ಕೇಳುವುದು ಅದರ ಆರನೆಯ ಒಂದು ಭಾಗವನ್ನು ಮಾತ್ರ, ಅದನ್ನೂ ಕೀಲಿನ ಎರಡು ಬೋಲ್ಟುಗಳು ಹಂಚಿಕೊಳ್ಳುತ್ತವೆ. ಹಾಗೆಂದು 500 ಕೆ.ಜಿ. ತೂಗುಹಾಕಬಹುದೆಂದು ಯಾರೂ ತಿಳಿಯಬಾರದು. ಅಂಟು ಬಿಡುವುದಕ್ಕೆ ಬಹಳ ಮೊದಲೇ ಇಟ್ಟಿಗೆ ಶಂಕುವಿನ ಆಕಾರದಲ್ಲಿ ಕಿತ್ತುಬರುತ್ತದೆ, ಇಲ್ಲವೇ ಸುತ್ತಲಿನ ಗಾರೆ ಬಿಟ್ಟು ಇಡೀ ಇಟ್ಟಿಗೆಯೇ ಹೊರಬರುತ್ತದೆ. ಬೋಲ್ಟನ್ನು ಇಟ್ಟಿಗೆಗೆ ಕಚ್ಚಿಸುವುದು ನಮ್ಮ ಕೈಯಲ್ಲಿದೆ; ಇಟ್ಟಿಗೆಯನ್ನು ಗೋಡೆಗೆ ಕಚ್ಚಿಸಿದ್ದು ಎಂದೋ ಗೋಡೆ ಕಟ್ಟಿದವನು.

ಹಾಗಾಗಿ ಮೊದಲು ಸುತ್ತಿಗೆಯ ಹಿಡಿಯಿಂದ ಕಂಬವನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ, ಗಾರೆ ಉಗುರಿಗೆ ಉದುರಿದರೆ, ಅಂಟಿನ ವಿಚಾರವನ್ನು ಬದಿಗಿಟ್ಟು ಕಂಬವನ್ನು ಸರಿಪಡಿಸಿ. ಕಂಬ ಗಟ್ಟಿಯಾಗಿದ್ದರೆ ಹಳೆಯ ರಂಧ್ರಗಳನ್ನು ಬಿಟ್ಟು, ಅಂಚಿನಿಂದ ದೂರ, ಕಂಬದ ತುದಿಯ ಕೆಲವು ವರಸೆಗಳಿಗಿಂತ ಕೆಳಗೆ, ಇಟ್ಟಿಗೆಯ ನಡುಮಧ್ಯಕ್ಕೆ ಹೊಸ ರಂಧ್ರ ಕೊರೆಯಿರಿ. ತುದಿಯ ವರಸೆಗಳ ಮೇಲೆ ಅವನ್ನು ಅದುಮಿ ಹಿಡಿಯುವ ಭಾರವಿಲ್ಲವಾದ್ದರಿಂದ ಅವು ಸುಲಭವಾಗಿ ಕಿತ್ತುಬರುತ್ತವೆ. ಮೇಲಿನ ಗಿಲಾವಿನ ದಪ್ಪವನ್ನು ಆಳದ ಲೆಕ್ಕಕ್ಕೆ ಸೇರಿಸಲೇಬಾರದು, 80 ಮಿ.ಮೀ. ಎಂದರೆ ಇಟ್ಟಿಗೆಯ ಮೈಯಿಂದ 80 ಮಿ.ಮೀ. ನನ್ನನ್ನೇ ಕೇಳಿದರೆ, ಕಂಬದ ಹಿಂಬದಿ ಕೈಗೆಟುಕುವಂತಿದ್ದಲ್ಲಿ ಅಂಟನ್ನೂ ಬೇಡವೆಂದು ಬಿಟ್ಟು, ಕಂಬದ ಆರಪಾರ ಬೋಲ್ಟು ತೂರಿಸಿ ಹಿಂದೆ ಅಗಲವಾದ ಉಕ್ಕಿನ ತಟ್ಟೆಯಿಟ್ಟು ನಟ್ಟು ಹಾಕುತ್ತೇನೆ. ಅದು ಚೆಂದ ಕಾಣುವುದಿಲ್ಲ ಎಂಬುದೊಂದೇ ಅದರ ದೋಷ.

ಪ್ರಶ್ನೆ: ಎರಡು ಟ್ಯೂಬುಗಳ ಒಳ್ಳೆಯ ಎಪಾಕ್ಸಿ ತಂದು, ಕಲಸಿ, ಇಟ್ಟಿಗೆ ಗೋಡೆಗೆ ನಾಲ್ಕು ಬೋಲ್ಟು ಕೂರಿಸಿದೆ. ವಾರ ಕಳೆಯುವಷ್ಟರಲ್ಲಿ ಎರಡು ಬೋಲ್ಟುಗಳು ಅಂಟಿನ ಸಮೇತ ಕೈಗೆ ಬಂದವು. ಅಂಟು ಕಲಬೆರಕೆಯದಾಗಿರಬಹುದೇ?

ಉತ್ತರ: ಕೈಗೆ ಬಂದ ಬೋಲ್ಟುಗಳನ್ನು ಎಸೆದಿಲ್ಲವಾದರೆ ಬೆಳಕಿಗೆ ಹಿಡಿದು ನೋಡಿ, ಉತ್ತರ ಅಲ್ಲೇ ಇದೆ. ಅಂಟಿನ ಮೈಗೆ ಇಟ್ಟಿಗೆಯ ಚೂರುಗಳು ಗಟ್ಟಿಯಾಗಿ ಅಂಟಿಕೊಂಡು ಬಂದಿದ್ದರೆ ಸೋತದ್ದು ಇಟ್ಟಿಗೆ. ಅಂಟಿನ ಮೇಲೆ ಕೆಂಪು ಹುಡಿ ತೆಳುವಾಗಿ ಮೆತ್ತಿಕೊಂಡಿದ್ದು, ಬೆರಳಿನಿಂದ ಉಜ್ಜಿದರೆ ಉದುರಿ, ಕೆಳಗೆ ನುಣುಪಾದ ಮೈ ಕಂಡರೆ ಸೋತದ್ದು ರಂಧ್ರದ ಸ್ವಚ್ಛತೆ. ಅಂಟು ರಂಧ್ರದಲ್ಲೇ ಉಳಿದು ಬೋಲ್ಟು ಮಾತ್ರ ಹೊಳೆಯುತ್ತ ಬಂದಿದ್ದರೆ ಮರೆಗಳಲ್ಲಿ ಎಣ್ಣೆಯಿತ್ತು. ಉಗುರು ಊರಿದರೆ ಗುರುತು ಬೀಳುವಷ್ಟು ಅಂಟು ಮೆತ್ತಗಿದ್ದರೆ ಕಲಸಿದ ಪ್ರಮಾಣ ತಪ್ಪಿದೆ, ಅಥವಾ ಕಲಸಿದ್ದು ಸಾಲದು. ಅಂಟಿನ ಸಮೇತ ಬಂದವು ಎಂದು ನೀವೇ ಬರೆದಿರುವುದರಿಂದ, ನನ್ನ ಊಹೆ ಎರಡನೆಯದರ ಮೇಲಿದೆ.

ಈ ಊಹೆಗೆ ಸ್ವಂತ ಅನುಭವದ ಆಧಾರವೂ ಇದೆ. ಬಹಳ ಹಿಂದೆ ಒಂದು ಕೈಕಂಬಿಗೆ ಆರು ಬೋಲ್ಟು ಕೂರಿಸುವಾಗ, ರಂಧ್ರಗಳನ್ನು ಬಾಯಿಂದ ಊದಿ, ಹುಡಿಯನ್ನೆಲ್ಲ ಕಣ್ಣಿಗೆ ತುಂಬಿಕೊಂಡು, ಸಾಕಷ್ಟು ಸ್ವಚ್ಛವಾಯಿತೆಂದು ನಾನೇ ತೀರ್ಮಾನಿಸಿದ್ದೆ. ಎಳೆದು ನೋಡಿದಾಗ ಒಂದು ಬೋಲ್ಟು ಒರೆಯಿಂದ ಕತ್ತಿ ಬಂದಂತೆ ನಯವಾಗಿ ಬಂತು. ಡ್ರಿಲ್ಲಿನ ಬಿಟ್ ತಿರುಗುವಾಗ ಸಣ್ಣ ಹುಡಿಯನ್ನು ರಂಧ್ರದ ಮೈಗೆ ಸವರಿ ಒತ್ತಿಬಿಡುತ್ತದೆ. ಊದಿದರೆ ಹೋಗುವುದು ಸಡಿಲವಾದ ಹುಡಿ ಮಾತ್ರ, ಸವರಿಕೊಂಡದ್ದು ಅಲ್ಲೇ ಉಳಿಯುತ್ತದೆ. ಅಂಟು ಗೋಡೆಗೆ ಅಂಟುವ ಬದಲು ಆ ಹುಡಿಯ ಪದರಕ್ಕೆ ಅಂಟುತ್ತದೆ. ಸ್ವಚ್ಛಗೊಳಿಸದ ರಂಧ್ರದಲ್ಲಿ ಹಿಡಿತ ಅರ್ಧಕ್ಕಿಂತಲೂ ಕೆಳಗೆ ಇಳಿಯುವುದು ಅಪರೂಪವೇನಲ್ಲ.

ಆದ್ದರಿಂದ ರಂಧ್ರದ ತಳದವರೆಗೆ ಹೋಗುವ ಸಣ್ಣ ಕೊಳವೆಯಿರುವ ಕೈಪಂಪಿನಿಂದ ಊದಬೇಕು, ರಂಧ್ರಕ್ಕಿಂತ ಸ್ವಲ್ಪ ದಪ್ಪಗಿರುವ, ಒಳಗೆ ತುರುಕುವಾಗ ತಡೆ ತೋರುವ ತಂತಿಯ ಬುರುಷಿನಿಂದ ತಳದಿಂದ ಬಾಯಿಯವರೆಗೆ ತಿರುಗಿಸುತ್ತ ಉಜ್ಜಬೇಕು, ಮತ್ತೆ ಊದಬೇಕು. ಅಂಟಿನ ತಯಾರಕರು ಎಷ್ಟು ಸಲ ಹೇಳಿದ್ದಾರೋ ಅಷ್ಟು ಸಲ ಇದನ್ನು ಮಾಡಬೇಕು. ಬುರುಷು ಸರಾಗವಾಗಿ ಒಳಹೋದರೆ ಅದು ಸವೆದಿದೆ ಎಂದರ್ಥ, ಬದಲಿಸಿ. ನೀರು ಹಾಕಿ ತೊಳೆಯುವ ಆಸೆ ಬೇಡ. ಹುಡಿ ಕೆಸರಾಗಿ ಮೈಗೆ ಮೆತ್ತಿಕೊಂಡು, ಒದ್ದೆಯಾದ ರಂಧ್ರದಲ್ಲಿ ಹೆಚ್ಚಿನ ಅಂಟುಗಳ ಹಿಡಿತ ಇನ್ನೂ ಕಡಿಮೆಯಾಗುತ್ತದೆ. ಒದ್ದೆ ರಂಧ್ರಕ್ಕೆಂದೇ ಪರೀಕ್ಷಿಸಿದ ಅಂಟುಗಳ ಮಾತು ಬೇರೆ. ವಜ್ರದ ಹಲ್ಲಿನ ಕೊಳವೆ ಬಿಟ್‌ನಿಂದ ಕೊರೆದ ರಂಧ್ರ ಗಾಜಿನಂತೆ ನಯವಾಗಿರುವುದರಿಂದ, ಅದನ್ನು ಒರಟಾಗಿಸದೆ ಅಂಟು ಹಾಕುವುದೂ ತಪ್ಪೇ.

ಕಲಸುವುದರ ಬಗ್ಗೆ ಒಂದು ತಪ್ಪು ನಂಬಿಕೆ ಬಹಳ ಕಡೆ ಇದೆ. ಗಟ್ಟಿಕಾರಕವನ್ನು ತುಸು ಹೆಚ್ಚು ಹಾಕಿದರೆ ಅಂಟು ಬೇಗ ಗಟ್ಟಿಯಾಗುತ್ತದೆ, ಹೆಚ್ಚು ಬಲವಾಗುತ್ತದೆ ಎಂಬುದೇ ಆ ನಂಬಿಕೆ. ಪಾಲಿಯೆಸ್ಟರ್ ರಾಳ ಎಂಬ ಇನ್ನೊಂದು ಬಗೆಯ ಅಂಟಿನಲ್ಲಿ ಗಟ್ಟಿಕಾರಕವು ಕ್ರಿಯೆಯನ್ನು ಕೆರಳಿಸುವ ಕಿಡಿಯಿದ್ದಂತೆ, ಅದರ ಪ್ರಮಾಣವನ್ನು ಸ್ವಲ್ಪ ಏರುಪೇರು ಮಾಡಿ ವೇಗವನ್ನು ಹೊಂದಿಸಿಕೊಳ್ಳಬಹುದು. ಎಪಾಕ್ಸಿಯಲ್ಲಿ ಹಾಗಲ್ಲ. ಇಲ್ಲಿ ರಾಳದ ಅಣುವೂ ಗಟ್ಟಿಕಾರಕದ ಅಣುವೂ ಒಂದಕ್ಕೊಂದು ಬೆಸೆದುಕೊಂಡು ಜಾಲವಾಗುತ್ತವೆ, ಜೋಡಿ ಸಿಗದ ಅಣು ಹಾಗೆಯೇ ಉಳಿದು ಆ ಜಾಲವನ್ನು ಮೆತ್ತಗಾಗಿಸುತ್ತದೆ. ಹೆಚ್ಚು ಹಾಕಿದ್ದು ಯಾವುದೇ ಆಗಿರಲಿ, ನಷ್ಟ ಬಲಕ್ಕೇ. ಒಂದಕ್ಕೊಂದು ಎಂದಿದ್ದರೆ ಒಂದಕ್ಕೊಂದು, ಮೂರಕ್ಕೊಂದು ಎಂದಿದ್ದರೆ ಮೂರಕ್ಕೊಂದು. ಎರಡೂ ಭಾಗಗಳಿಗೆ ಬೇರೆ ಬೇರೆ ಬಣ್ಣವಿದ್ದರೆ ಗೆರೆಗಳು ಕಾಣದೆ ಒಂದೇ ಬಣ್ಣವಾಗುವವರೆಗೆ ಕಲಸಿ. ಗನ್ನಿನಲ್ಲಿ ಹಾಕಿ ಒತ್ತುವ ಕಾರ್ಟ್ರಿಜ್ಜಾದರೆ ಅದರ ಮೂತಿಯೊಳಗಿನ ಸುರುಳಿಯೇ ಕಲಸುತ್ತದೆ. ಆದರೂ ಮೊದಲು ಹೊರಬರುವ ಅಂಟನ್ನು, ಬಣ್ಣ ಒಂದೇ ಸಮ ಆಗುವವರೆಗೆ, ಕಾಗದದ ಮೇಲೆ ಬಿಟ್ಟು ಎಸೆಯಬೇಕು. ಮುರಿದ ಪಿಂಗಾಣಿ ಜೋಡಿಸಲು ತರುವ ಐದು ನಿಮಿಷದ ಎಪಾಕ್ಸಿಯನ್ನು ಭಾರ ಹೊರುವ ಬೋಲ್ಟಿಗೆ ಬಳಸಬೇಡಿ.

ಬೋಲ್ಟನ್ನು ಅಸಿಟೋನಿನಿಂದ ಒರೆಸಿ ಒಣಗಲು ಬಿಡಿ. ಉದ್ದಕ್ಕೂ ಮರೆಯಿರುವ ಕಡ್ಡಿಯೇ ಬೇಕು, ನಯವಾದ ಮೈಯ ಬೋಲ್ಟಿಗೆ ಅಂಟು ಕಚ್ಚಲು ಆಸರೆಯಿಲ್ಲ. ರಂಧ್ರದ ವ್ಯಾಸ ಬೋಲ್ಟಿಗಿಂತ ಸಾಮಾನ್ಯವಾಗಿ 2 ಮಿ.ಮೀ. ಹೆಚ್ಚಿರುತ್ತದೆ: 10ರ ಬೋಲ್ಟಿಗೆ 12, 12ರ ಬೋಲ್ಟಿಗೆ 14. ಅಂಟನ್ನು ತಳದಿಂದ ತುಂಬುತ್ತ, ಮೂತಿಯನ್ನು ನಿಧಾನವಾಗಿ ಹಿಂದೆಳೆಯುತ್ತ, ರಂಧ್ರದ ಮೂರನೆಯ ಎರಡು ಭಾಗ ತುಂಬಿದಾಗ ನಿಲ್ಲಿಸಿ, ಬೋಲ್ಟನ್ನು ತಿರುಗಿಸುತ್ತ ಒಂದೇ ಸಲ ತಳ ಮುಟ್ಟಿಸಿ. ಬಾಯಿಯಲ್ಲಿ ಸ್ವಲ್ಪ ಅಂಟು ಉಕ್ಕಿ ಬರಬೇಕು. ಬಾರದಿದ್ದರೆ ಒಳಗೆಲ್ಲೋ ಗಾಳಿ ಉಳಿದಿದೆ. ಆಗ ಬೋಲ್ಟನ್ನು ಮೇಲೆ ಕೆಳಗೆ ಆಡಿಸಿದರೆ ಗಾಳಿ ಇನ್ನಷ್ಟು ಸೇರಿಕೊಳ್ಳುತ್ತದೆ. ಅದರ ಬದಲು ಹೊರತೆಗೆದು, ಅಂಟು ತುಂಬಿ, ಮತ್ತೆ ಕೂರಿಸಿ.

ಪ್ರಶ್ನೆ: ಟೊಳ್ಳು ಬ್ಲಾಕಿನ ಗೋಡೆಗೆ ಅಂಟು ತುಂಬುತ್ತ ಹೋದೆ, ಎಷ್ಟು ತುಂಬಿದರೂ ರಂಧ್ರ ತುಂಬಲೇ ಇಲ್ಲ. ಏನು ಮಾಡಬೇಕಿತ್ತು?

ಉತ್ತರ: ಅಂಟೆಲ್ಲ ಬ್ಲಾಕಿನ ಹೊಟ್ಟೆಗೆ ಬಿದ್ದಿದೆ. ಟೊಳ್ಳು ಬ್ಲಾಕಿನಲ್ಲಿ ಬೋಲ್ಟಿಗೆ ಆಸರೆಯಾಗಿ ಸಿಗುವುದು ಮುಂದಿನ ತೆಳುವಾದ ಗೋಡೆ, ಅದೃಷ್ಟವಿದ್ದರೆ ಒಳಗಿನ ಒಂದು ಅಡ್ಡಗೋಡೆ, ಅಷ್ಟೇ. ಇದಕ್ಕೆಂದೇ ಪ್ಲಾಸ್ಟಿಕ್ ಅಥವಾ ತಂತಿಬಲೆಯ ಜಾಲರಿ ತೋಳುಗಳು ಸಿಗುತ್ತವೆ. ಜಾಲರಿಯನ್ನು ರಂಧ್ರದೊಳಗಿಟ್ಟು, ಇಲ್ಲಿ ಮಾತ್ರ ಮೂರನೆಯ ಎರಡು ಭಾಗವಲ್ಲ, ಪೂರ್ತಿಯಾಗಿ ಅಂಟು ತುಂಬಿ, ಬೋಲ್ಟನ್ನು ತಿರುಗಿಸುತ್ತ ಒಳತಳ್ಳಿದರೆ, ಅಂಟು ಜಾಲರಿಯ ಕಣ್ಣುಗಳಿಂದ ಹೊರಕ್ಕೆ ಉಬ್ಬಿ, ತೆಳುಗೋಡೆಯ ಹಿಂಬದಿಯಲ್ಲಿ ಗಂಟಿನಂತೆ ಗಟ್ಟಿಯಾಗುತ್ತದೆ. ಹಿಡಿಯುವುದು ಅಂಟಿನ ಅಂಟುಗುಣಕ್ಕಿಂತ ಹೆಚ್ಚಾಗಿ ಈ ಗಂಟು. ಕೊರೆಯುವಾಗ ಡ್ರಿಲ್ಲಿನ ಸುತ್ತಿಗೆ ಹೊಡೆತವನ್ನು ನಿಲ್ಲಿಸಿ, ಬರೇ ತಿರುಗುವಿಕೆಯಲ್ಲೇ ಕೊರೆಯಬೇಕು. ಹೊಡೆತಕ್ಕೆ ಒಳಗಿನ ಅಡ್ಡಗೋಡೆಗಳು ಕಾಣದಂತೆ ಒಡೆದುಹೋಗುತ್ತವೆ, ಮುಂದಿನ ಗೋಡೆಯ ಹಿಂಬದಿ ರಂಧ್ರಕ್ಕಿಂತ ಎಷ್ಟೋ ಅಗಲಕ್ಕೆ ಸಿಡಿದಿರುತ್ತದೆ.

ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕಿಗೂ ಹೊಡೆತ ಸಲ್ಲದು. ಅದಕ್ಕೆ ಜಾಲರಿ ಬೇಕಾಗುವುದಿಲ್ಲ, ಆದರೆ ಬ್ಲಾಕು ಬಹಳ ಮೆದುವಾದ್ದರಿಂದ ಹೆಚ್ಚು ಆಳ ಬೇಕು; ರಂಧ್ರವನ್ನು ತಳದ ಕಡೆಗೆ ಅಗಲವಾಗುವಂತೆ ಕೊರೆದರೆ ಗಟ್ಟಿಯಾದ ಅಂಟು ಬೆಣೆಯಂತೆ ಕಚ್ಚಿ ನಿಲ್ಲುತ್ತದೆ. ಟೊಳ್ಳಾಗಲಿ ಹಗುರವಾಗಲಿ, ಗೇಟಿನಂಥ ಅಲುಗಾಡುವ ಭಾರವನ್ನು ನಾನು ಇಂಥ ಬ್ಲಾಕುಗಳಿಗೆ ಹೇರುವುದಿಲ್ಲ.

ಪ್ರಶ್ನೆ: ಮೇಲ್ಚಾವಣಿಗೆ ಅಂಟಿನಿಂದ ಬೋಲ್ಟು ಕೂರಿಸಿ ಭಾರವಾದ ವ್ಯಾಯಾಮದ ಸಾಧನವನ್ನು ತೂಗುಹಾಕಬೇಕೆಂದಿದ್ದೇನೆ. ಗೋಡೆಯಲ್ಲಿ 500 ಕೆ.ಜಿ. ತಡೆಯುವ ಅಂಟು ಚಾವಣಿಯಲ್ಲಿ 100 ಕೆ.ಜಿ. ತಡೆಯದೇ?

ಉತ್ತರ: ಬೇಡ. ಈ ಒಂದು ವಿಷಯದಲ್ಲಿ ನಾನು ಬಹಳ ಹಟಮಾರಿ, ಏಕೆಂದು ಹೇಳುತ್ತೇನೆ.

ಎಪಾಕ್ಸಿ ಗಟ್ಟಿಯಾದ ಮೇಲೂ ಕಲ್ಲಾಗುವುದಿಲ್ಲ, ಅದು ಪ್ಲಾಸ್ಟಿಕ್. ಕ್ಷಣಕಾಲ ಎಳೆದರೆ ಅದು ಜಗ್ಗುವುದಿಲ್ಲ. ವರ್ಷಗಟ್ಟಲೆ ಬಿಡದೆ ಎಳೆದರೆ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಎಂದು ಜಾರುತ್ತದೆ. ಎಂಜಿನಿಯರುಗಳು ಇದನ್ನು ಕ್ರೀಪ್ ಎನ್ನುತ್ತಾರೆ. ತೆವಳುವಿಕೆ ಎಂಬ ಮಾತು ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಗೋಡೆಯ ಬೋಲ್ಟಿನಲ್ಲಿ ಭಾರದ ಬಹುಪಾಲು ಬೋಲ್ಟನ್ನು ಅಡ್ಡಕ್ಕೆ ಕೆಳಗೆ ಒತ್ತುತ್ತದೆ, ಅದನ್ನು ಇಟ್ಟಿಗೆಯ ಮೈಯೇ ಹೊರುತ್ತದೆ. ಚಾವಣಿಯಲ್ಲಿ ಇಡೀ ಭಾರ ಬೋಲ್ಟನ್ನು ನೇರವಾಗಿ ರಂಧ್ರದಿಂದ ಹೊರಕ್ಕೆಳೆಯುತ್ತದೆ, ಹಗಲು ರಾತ್ರಿ ಎಳೆಯುತ್ತಲೇ ಇರುತ್ತದೆ, ತಡೆಯುವುದಕ್ಕೆ ಅಂಟೊಂದನ್ನು ಬಿಟ್ಟರೆ ಬೇರೆ ಆಸರೆಯಿಲ್ಲ.

2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ಹೆದ್ದಾರಿ ಸುರಂಗವೊಂದರಲ್ಲಿ, ಎಪಾಕ್ಸಿಯಿಂದ ಕೂರಿಸಿದ ಬೋಲ್ಟುಗಳಿಗೆ ತೂಗುಹಾಕಿದ್ದ ಕಾಂಕ್ರೀಟಿನ ಒಳಚಾವಣಿಯ ಸುಮಾರು 26 ಟನ್ನಿನಷ್ಟು ಭಾಗ ಕೆಳಗೆ ಸಾಗುತ್ತಿದ್ದ ಕಾರಿನ ಮೇಲೆ ಬಿದ್ದು ಒಬ್ಬ ಪ್ರಯಾಣಿಕರು ತೀರಿಕೊಂಡರು. ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ನಡೆಸಿ, ಬಳಸಿದ ಎಪಾಕ್ಸಿ ಬೇಗ ಗಟ್ಟಿಯಾಗುವ ಬಗೆಯದೆಂದೂ, ಸತತ ಸೆಳೆತಕ್ಕೆ ತೆವಳದೆ ನಿಲ್ಲುವ ಶಕ್ತಿ ಅದಕ್ಕಿರಲಿಲ್ಲವೆಂದೂ 2007ರಲ್ಲಿ ವರದಿ ಮಾಡಿತು. ಬೋಲ್ಟುಗಳು ಹಾಕಿದಾಗಿನ ಎಳೆತದ ಪರೀಕ್ಷೆಯಲ್ಲಿ ಗೆದ್ದಿದ್ದವು ಎಂಬುದನ್ನು ಗಮನಿಸಬೇಕು. ಕೆಲವು ನಿಮಿಷ ಎಳೆದು ನೋಡುವ ಪರೀಕ್ಷೆ ವರ್ಷಗಳ ತೆವಳುವಿಕೆಯನ್ನು ತೋರಿಸಲಾರದು. 1999ರಷ್ಟು ಹಿಂದೆಯೇ ಕೆಲವು ಬೋಲ್ಟುಗಳು ರಂಧ್ರದಿಂದ ಜಾರಿದ್ದು ಕಣ್ಣಿಗೆ ಬಿದ್ದಿತ್ತು, ಅವನ್ನು ಬದಲಿಸಿದರೇ ಹೊರತು ಏಕೆ ಜಾರಿದವೆಂದು ಕೊನೆಮುಟ್ಟ ವಿಚಾರಿಸಲಿಲ್ಲ. 2012ರ ಡಿಸೆಂಬರ್ 2ರಂದು ಜಪಾನಿನ ಸಸಾಗೊ ಸುರಂಗದಲ್ಲೂ ಒಳಚಾವಣಿ ನೂರು ಮೀಟರಿಗೂ ಹೆಚ್ಚು ಉದ್ದಕ್ಕೆ ಕಳಚಿಬಿದ್ದು ಒಂಬತ್ತು ಜನ ಸತ್ತರು. 1977ರಲ್ಲಿ ಸಂಚಾರಕ್ಕೆ ತೆರೆದ ಆ ಸುರಂಗದಲ್ಲೂ ಚಾವಣಿಯ ಬೋಲ್ಟುಗಳನ್ನು ರಾಳದ ಅಂಟಿನಿಂದಲೇ ಕೂರಿಸಲಾಗಿತ್ತು.

ಇದರಿಂದ ಅಂಟಿನ ಬೋಲ್ಟುಗಳನ್ನೇ ಯಾರೂ ಕೈಬಿಡಲಿಲ್ಲ, ನಿಯಮಗಳು ಬಿಗಿಯಾದವು. ಅಮೆರಿಕದ ಕಾಂಕ್ರೀಟ್ ಸಂಸ್ಥೆಯ 2011ರ ಸಂಹಿತೆ, ಸತತ ಸೆಳೆತವಿರುವಲ್ಲಿ ಅಂಟಿನ ಹಿಡಿತದ ಲೆಕ್ಕವನ್ನು 0.55ರಿಂದ ಗುಣಿಸಿ ಇಳಿಸಬೇಕೆಂದು ವಿಧಿಸಿತು. ಅಡ್ಡಲಾಗಿ ಅಥವಾ ಮೇಲ್ಮುಖವಾಗಿ ಕೂರಿಸಿ ಸತತ ಸೆಳೆತಕ್ಕೊಡ್ಡುವ ಬೋಲ್ಟುಗಳನ್ನು ತರಬೇತಿ ಪಡೆದು ಪ್ರಮಾಣಪತ್ರ ಗಳಿಸಿದವರೇ ಕೂರಿಸಬೇಕೆಂದೂ ಹೇಳಿತು. ಮೇಲ್ಮುಖವಾದ ರಂಧ್ರದಲ್ಲಿ ಅಂಟು ಕೆಳಕ್ಕೆ ಇಳಿಯುತ್ತದೆ, ತಳದಲ್ಲಿ ಗಾಳಿ ಉಳಿಯುತ್ತದೆ, ಬೋಲ್ಟು ಗಟ್ಟಿಯಾಗುವವರೆಗೆ ತಾನಾಗಿ ನಿಲ್ಲುವುದಿಲ್ಲ. ನೀವು ತೂಗುಹಾಕುವ ಸಾಧನದ ಕೆಳಗೆ ಮನುಷ್ಯರು ಇರುತ್ತಾರೆ. ತೊಲೆಗೆ ಸುತ್ತುವ ಪಟ್ಟಿಯಾಗಲಿ, ಚಾವಣಿಯ ಆರಪಾರ ಹೋಗಿ ಮೇಲೆ ತಟ್ಟೆ ಹಿಡಿಯುವ ಬೋಲ್ಟಾಗಲಿ, ನೆಲದ ಮೇಲೆ ನಿಲ್ಲುವ ಚೌಕಟ್ಟಾಗಲಿ, ಕಟ್ಟಡದ ಎಂಜಿನಿಯರು ಯಾವುದನ್ನು ಒಪ್ಪುತ್ತಾರೋ ಅದನ್ನು ಮಾಡಿ.

ಪ್ರಶ್ನೆ: ಹಳೆಯ ಕಲ್ಲಿನ ಮೆಟ್ಟಿಲಿನ ಕಬ್ಬಿಣದ ಕಂಬಿಗಳನ್ನು ಸೀಸ ಎರೆದು ಕೂರಿಸಿದ್ದಾರೆ. ಕೆಲವು ಕಡೆ ಕಲ್ಲು ಸೀಳಿದೆ. ಸೀಸ ತೆಗೆದು ಎಪಾಕ್ಸಿ ಹಾಕಬಹುದೇ?

ಉತ್ತರ: ಸೀಸದ ಮೇಲೆ ಅಷ್ಟು ಬೇಗ ತೀರ್ಪು ಕೊಡಬೇಡಿ. ಕಲ್ಲಿಗೆ ಕಬ್ಬಿಣವನ್ನು ಕೂರಿಸಿ ಕರಗಿದ ಸೀಸ ಎರೆಯುವ ಪದ್ಧತಿ ಬಹಳ ಹಳೆಯದು. ಅಥೆನ್ಸಿನ ಪಾರ್ಥೆನಾನ್ ದೇಗುಲದ ಕಲ್ಲುಗಳನ್ನು ಬೆಸೆದ ಕಬ್ಬಿಣದ ಕೊಂಡಿಗಳನ್ನೂ ಸೀಸದಿಂದಲೇ ಮುಚ್ಚಿದ್ದರು. ಸೀಸ ಮೆದುವಾದ್ದರಿಂದ ಕಬ್ಬಿಣ ಹಿಗ್ಗಿ ಕುಗ್ಗುವುದನ್ನು ತಾಳಿಕೊಳ್ಳುತ್ತದೆ, ನೀರನ್ನೂ ದೂರವಿಡುತ್ತದೆ. ಆರುವಾಗ ಕುಗ್ಗುವುದರಿಂದ ಅದನ್ನು ಉಳಿಯಿಂದ ಬಡಿದು ಬಿಗಿಗೊಳಿಸಬೇಕಿತ್ತು. ಹಾಗೆ ಬಡಿಯದೆ ಬಿಟ್ಟ ಕಡೆ ನೀರು ಇಳಿದಿರುತ್ತದೆ. ಕಲ್ಲು ಸೀಳಿದ್ದು ಸೀಸದಿಂದಲ್ಲ, ತುಕ್ಕಿನಿಂದ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ, ಆ ಒತ್ತಡಕ್ಕೆ ಗಟ್ಟಿಕಲ್ಲೂ ಬಾಯಿಬಿಡುತ್ತದೆ. ಕೆಲವೆಡೆ ಸೀಸದ ಬದಲು ಕರಗಿದ ಗಂಧಕವನ್ನು ಎರೆದದ್ದೂ ಉಂಟು. ಅಲ್ಲಿ ನೀರು ಸೇರಿದರೆ ಆಮ್ಲ ಹುಟ್ಟಿ ಕಬ್ಬಿಣ ಇನ್ನೂ ಬೇಗ ಕೊರೆದುಹೋಗುತ್ತದೆ.

ಆದ್ದರಿಂದ ಅದೇ ತುಕ್ಕು ಹಿಡಿದ ಕಂಬಿಯನ್ನು ಎಪಾಕ್ಸಿಯಲ್ಲಿ ಮುಳುಗಿಸಿಟ್ಟರೆ ಕಾಯಿಲೆ ಒಳಗೇ ಉಳಿಯುತ್ತದೆ. ಹೂತಿರುವ ತುದಿಯನ್ನು ಕತ್ತರಿಸಿ, ಅಲ್ಲಿಗೆ ಸ್ಟೇನ್‌ಲೆಸ್ ಉಕ್ಕಿನ ತುಂಡು ಬೆಸೆದು ಎಪಾಕ್ಸಿಯಿಂದ ಕೂರಿಸಿದರೆ ಒಪ್ಪಬಹುದು. ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟಿ ಮೇಲ್ಮೈ ಹುಡಿಯಾಗುವುದರಿಂದ ರಂಧ್ರದ ಬಾಯಿಯ ಕೊನೆಯ ಕೆಲವು ಮಿ.ಮೀ. ಖಾಲಿ ಬಿಟ್ಟು ಗಾರೆಯಿಂದ ಮುಚ್ಚಿ. ಕಟ್ಟಡ ನಿಜವಾಗಿಯೂ ಪುರಾತನವಾದದ್ದಾಗಿದ್ದರೆ ನನ್ನ ಅಂಕಣವನ್ನು ಮಡಿಚಿಟ್ಟು ಸಂರಕ್ಷಣೆ ಬಲ್ಲವರನ್ನು ಕರೆಯಿರಿ. ಸೀಸವನ್ನು ಕಾಯಿಸಿ ತೆಗೆಯಬಹುದು, ಗಟ್ಟಿಯಾದ ಎಪಾಕ್ಸಿಯನ್ನು ಕಲ್ಲಿಗೆ ಗಾಯ ಮಾಡದೆ ತೆಗೆಯುವುದು ಬಲು ಕಷ್ಟ. ಹಳೆಯ ಸೀಸವನ್ನು ನೀವೇ ಕಾಯಿಸಲು ಮಾತ್ರ ಹೋಗಬೇಡಿ, ಅದರ ಹೊಗೆಯೂ ಹುಡಿಯೂ ವಿಷ.

ಪ್ರಶ್ನೆ: ಅಂಟು ಹಾಕಿ ಎಷ್ಟು ಹೊತ್ತಿನ ಮೇಲೆ ನಟ್ಟು ಬಿಗಿಯಬಹುದು? ಹೊರಗೆ ಬಹಳ ಚಳಿ ಇದ್ದರೆ?

ಉತ್ತರ: ಪೊಟ್ಟಣದ ಮೇಲೆ ಎರಡು ಅವಧಿಗಳಿರುತ್ತವೆ. ಮೊದಲನೆಯದು ಅಂಟು ಹೆಪ್ಪುಗಟ್ಟುವವರೆಗಿನದು, ಅಷ್ಟರೊಳಗೆ ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ ಮುಗಿಸಬೇಕು. ಎರಡನೆಯದು ಪೂರ್ತಿ ಗಟ್ಟಿಯಾಗುವವರೆಗಿನದು, ಅಲ್ಲಿಯವರೆಗೆ ಮುಟ್ಟಬಾರದು. ನಡುವಿನ ಹೊತ್ತಿನಲ್ಲಿ ಬೋಲ್ಟು ಗಟ್ಟಿಯಾಗಿ ನಿಂತಂತೆ ಕಾಣುತ್ತದೆ, ಹೆಚ್ಚಿನವರು ನಟ್ಟು ಬಿಗಿದು ಕೆಡಿಸಿಕೊಳ್ಳುವುದು ಆಗಲೇ. ಉಷ್ಣತೆ 10 ಡಿಗ್ರಿ ಇಳಿದರೆ ಬೇಕಾಗುವ ಸಮಯ ಸ್ಥೂಲವಾಗಿ ಇಮ್ಮಡಿಯಾಗುತ್ತದೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಗೋಡೆಯ ಒಳಗಿನ ಉಷ್ಣತೆಯನ್ನು, ಗಾಳಿಯದಲ್ಲ. ಪೊಟ್ಟಣದಲ್ಲಿ ಹೇಳಿದ ಕನಿಷ್ಠ ಉಷ್ಣತೆಗಿಂತ ಚಳಿಯಿದ್ದರೆ ಕೆಲಸವನ್ನು ಮುಂದೂಡಿ. ಸೆಕೆಯಲ್ಲಿ ತೊಂದರೆ ತಿರುವುಮುರುವಾಗುತ್ತದೆ: ಕಲಸಿದ ಅಂಟು ಬಟ್ಟಲಿನಲ್ಲಿ ರಾಶಿಯಾಗಿದ್ದರೆ ತನ್ನದೇ ಬಿಸಿಗೆ ಹೊಗೆಯಾಡುತ್ತ ಕೆಲವೇ ನಿಮಿಷಗಳಲ್ಲಿ ಕಲ್ಲಾಗಬಹುದು, ಆದ್ದರಿಂದ ಒಮ್ಮೆಗೆ ಎರಡು ಮೂರು ರಂಧ್ರಗಳಿಗೆ ಬೇಕಾಗುವಷ್ಟೇ ಕಲಸಿ.

ಪ್ರಶ್ನೆ: ತಪ್ಪು ಜಾಗದಲ್ಲಿ ಅಂಟಿಸಿದ ಬೋಲ್ಟನ್ನು ತೆಗೆಯುವುದು ಹೇಗೆ? ಅಂಟು ಕೈಗೆ ತಾಗಿದರೆ ಅಪಾಯವೇ?

ಉತ್ತರ: ಸಾಧಾರಣ ಉಷ್ಣತೆಯಲ್ಲಿ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಹೆಚ್ಚಿನವು ಸುಮಾರು 50ರಿಂದ 70 ಡಿಗ್ರಿಯ ಆಚೆಗೆ ಮೆತ್ತಗಾಗತೊಡಗುತ್ತವೆ. ಹೊರಚಾಚಿದ ತುದಿಯನ್ನು ಬಿಸಿಗಾಳಿಯ ಗನ್ನಿನಿಂದ ಅಥವಾ ಬೆಸುಗೆ ಕಡ್ಡಿಯಿಂದ ಚೆನ್ನಾಗಿ ಕಾಯಿಸಿ, ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಸ್ಪ್ಯಾನರಿನಿಂದ ತಿರುಗಿಸುತ್ತ ಹೊರಗೆಳೆಯಬಹುದು, ಕಿಟಕಿ ತೆರೆದಿರಲಿ. ಬಾರದಿದ್ದರೆ ಗೋಡೆಯ ಮಟ್ಟಕ್ಕೆ ಕತ್ತರಿಸಿ ಗಾರೆ ಸವರುವುದೇ ಮೇಲು. ಮುಂದೆ ಎಂದಾದರೂ ಬಿಚ್ಚಬೇಕಾಗಬಹುದು ಎನಿಸಿದ ಕಡೆ ಮೊದಲೇ ಒಳಮರೆಯ ಕೊಳವೆಯನ್ನು ಅಂಟಿಸಿ ಅದಕ್ಕೆ ಬೋಲ್ಟು ತಿರುಗಿಸಿ. ಅಂದ ಹಾಗೆ, ಬಿಸಿಗೆ ಮೆತ್ತಗಾಗುವ ಇದೇ ಗುಣದಿಂದಾಗಿ ಒಲೆಯ ಹೊಗೆಗೊಳವೆಯನ್ನು ಹಿಡಿದಿಡಲು ಅಂಟಿನ ಬೋಲ್ಟು ಒಗ್ಗುವುದಿಲ್ಲ.

ಕೈಗೆ ತಾಗುವುದನ್ನು ಹಗುರವಾಗಿ ನೋಡಬೇಡಿ. ಗಟ್ಟಿಯಾಗದ ರಾಳವೂ ಗಟ್ಟಿಕಾರಕವೂ ಚರ್ಮಕ್ಕೆ ಅಲರ್ಜಿ ತರಬಲ್ಲವು; ಒಮ್ಮೆ ಅಲರ್ಜಿ ಹತ್ತಿಕೊಂಡರೆ ಮುಂದೆ ಬಹಳ ಸ್ವಲ್ಪ ತಾಗಿದರೂ ತುರಿಕೆ, ಗುಳ್ಳೆಗಳು ಏಳುತ್ತವೆ, ಅದು ಬಹುಮಟ್ಟಿಗೆ ಜೀವನಪೂರ್ತಿ ಉಳಿಯುತ್ತದೆ. ನೈಟ್ರೈಲ್ ಕೈಗವಸು ಹಾಕಿ. ತಾಗಿದರೆ ಥಿನ್ನರ್, ಅಸಿಟೋನುಗಳಿಂದ ಒರೆಸಬೇಡಿ, ಅವು ಅಂಟನ್ನು ಚರ್ಮದೊಳಕ್ಕೆ ಇನ್ನಷ್ಟು ಇಳಿಸುತ್ತವೆ. ಒಣಬಟ್ಟೆಯಿಂದ ಒರೆಸಿ ಸಾಬೂನು ನೀರಿನಲ್ಲಿ ತೊಳೆಯಿರಿ. ಕೊರೆಯುವಾಗ ಏಳುವ ಹುಡಿಯಲ್ಲಿ ಸಿಲಿಕಾ ಇರುವುದರಿಂದ, ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಸಣ್ಣ ಹುಡಿಯನ್ನು ತಡೆಯುವ ಮಾಸ್ಕೇ ಬೇಕು. ಕಣ್ಣಿಗೆ ಕನ್ನಡಕವೂ ಇರಲಿ.